ನಿನ್ನ ಡ್ಯೂಕ್ ಯಾಕೆ ಮನಸ್ಸಿಗೆ ನಾಟುತ್ತಿಲ್ಲ ಅಂದರೆ

ಪ್ರೀತಿಯ ತಂಗಿ,

1816ರ ಇಂಗ್ಲೆಂಡಿನ ಒಬ್ಬ ಡ್ಯೂಕ್ ನಾಯಕನಾಗಿರುವ ನಿನ್ನ ರೊಮಾನ್ಸ್ ಕಾದಂಬರಿಯ ಅಧ್ಯಾಯಗಳನ್ನೆಲ್ಲ ಓದಿ ಮುಗಿಸಿದೆ. ಜೊತೆಗಿದ್ದ ಚೀಟಿಯನ್ನೂ ಓದಿದೆ. "ಅಕ್ಕಾ, ನನ್ನ ಡ್ಯೂಕ್‌ಗೆ ಏನು ಕಮ್ಮಿ ಹೇಳು. ಕೆನ್ನೆ ಮೇಲೆ ಗಾಯದ ಗುರುತಿದೆ, ಕೆಟ್ಟ ಹೆಸರಿದೆ, ಎದೆಯಲ್ಲಿ ನೋವಿದೆ. ಓದಿದವರು ಚೆನ್ನಾಗಿದೆ ಅಂತಾರೆ. ಆದರೆ ಯಾರೂ ನಿದ್ದೆಗೆಟ್ಟು ಓದಲಿಲ್ಲ" ಅಂತ ಬರೆದಿದ್ದೀಯ.

ಸುಮ್ನೆ ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ಡ್ಯೂಕ್ ಕೆಟ್ಟವನೇ ಅಲ್ಲ. ಮುಖ ಗಂಟು ಹಾಕಿಕೊಂಡು ಓಡಾಡುವ ಒಳ್ಳೆಯ ಹುಡುಗ. ಲಂಡನ್ನಿನವರೆಲ್ಲ ಅವನನ್ನು ಪಾಪಿ ಅನ್ನುತ್ತಾರೆ. ಅರ್ಧ ಕಾದಂಬರಿ ದಾಟುವಷ್ಟರಲ್ಲಿ ಅದೆಲ್ಲ ಸುಳ್ಳು ಅಂತ ಬಯಲಾಗುತ್ತದೆ. ಇಸ್ಪೀಟಿನಲ್ಲಿ ಮೋಸ ಮಾಡಿದ್ದು ತಮ್ಮ. ಆ ಹುಡುಗಿಗೆ ಕೈಕೊಟ್ಟಿದ್ದು ಗೆಳೆಯ. ಇವನು ಪಾಪ, ಅವರ ಮಾನ ಉಳಿಸಲು ಬೈಗುಳ ತಿಂದುಕೊಂಡು ಬಾಯಿ ಮುಚ್ಚಿಕೊಂಡಿದ್ದ. ಹಾಗಾದರೆ ನಿನ್ನ ನಾಯಕಿ ಕ್ಷಮಿಸುವುದು ಏನನ್ನು? ಗಾಳಿಸುದ್ದಿ ನಂಬಿದ್ದಕ್ಕೆ ಕೊನೆಗೆ ಅವಳೇ ಅವನ ಹತ್ತಿರ ಕ್ಷಮೆ ಕೇಳುತ್ತಾಳೆ! ಓದುವವಳು ಪುಸ್ತಕ ಕೈಗೆತ್ತಿಕೊಂಡಿದ್ದು ಬೇರೆಯದನ್ನು ನೋಡಲು. ನಿಜವಾಗಿ ಕೆಟ್ಟದ್ದು ಮಾಡಿದ ಮನುಷ್ಯ ಬದಲಾಗುತ್ತಾನಾ, ಬದಲಾದರೆ ಅದಕ್ಕೆ ಎಷ್ಟು ಬೆಲೆ ತೆರುತ್ತಾನೆ ಅಂತ ನೋಡಲು.

ಇದು ಇವತ್ತು ನಿನ್ನೆಯ ಹುಚ್ಚಲ್ಲ. 1747ರ ಕೊನೆಯಿಂದ 1748ರ ಕೊನೆಯವರೆಗೆ ಸ್ಯಾಮ್ಯುಯಲ್ ರಿಚರ್ಡ್‌ಸನ್ ತನ್ನ 'ಕ್ಲಾರಿಸ್ಸಾ' ಕಾದಂಬರಿಯನ್ನು ಕಂತು ಕಂತಾಗಿ ಹೊರತಂದ. ಅದರಲ್ಲಿ ಲವ್‌ಲೇಸ್ ಅಂತ ಒಬ್ಬನಿದ್ದಾನೆ. ಚೆಲುವ, ಮಾತಿನಮಲ್ಲ, ಹಣವಂತ. ಕ್ಲಾರಿಸ್ಸಾಳನ್ನು ಉಪಾಯದಿಂದ ಮನೆ ಬಿಡಿಸುತ್ತಾನೆ. ಲಂಡನ್ನಿನ ಒಂದು ವೇಶ್ಯಾಗೃಹದಲ್ಲಿ, ಅದು ಎಂಥ ಜಾಗ ಅಂತ ಅವಳಿಗೆ ಗೊತ್ತಾಗದ ಹಾಗೆ ಇರಿಸುತ್ತಾನೆ. ಕೊನೆಗೆ ಮತ್ತು ಬರಿಸಿ ಅತ್ಯಾಚಾರ ಮಾಡುತ್ತಾನೆ. ಕೊನೆಯ ಸಂಪುಟಗಳು ಇನ್ನೂ ಹೊರಬಂದಿರಲಿಲ್ಲ. ಅಷ್ಟರಲ್ಲೇ ಲೇಡಿ ಬ್ರಾಡ್‌ಶೇ ಎಂಬ ಹೆಂಗಸು ಬೇರೆ ಹೆಸರಿಟ್ಟುಕೊಂಡು ರಿಚರ್ಡ್‌ಸನ್‌ಗೆ ಪತ್ರ ಬರೆಯತೊಡಗಿದಳು. ಕ್ಲಾರಿಸ್ಸಾಳನ್ನು ಸಾಯಿಸಬೇಡಿ, ಲವ್‌ಲೇಸ್‌ನನ್ನು ತಿದ್ದಿ, ಇಬ್ಬರಿಗೂ ಮದುವೆ ಮಾಡಿಸಿ ಅಂತ ಅಂಗಲಾಚಿದಳು. ಅವನು ಜಗ್ಗಲಿಲ್ಲ. ಕ್ಲಾರಿಸ್ಸಾ ಸತ್ತಳು. ಲವ್‌ಲೇಸ್ ಕತ್ತಿಕಾಳಗದಲ್ಲಿ ಸತ್ತ. ಮುಂದಿನ ಮುದ್ರಣಗಳಲ್ಲಿ ರಿಚರ್ಡ್‌ಸನ್ ಅವನನ್ನು ಇನ್ನಷ್ಟು ಕಪ್ಪಾಗಿ ಕಾಣಿಸಲು ತಿದ್ದುಪಡಿಗಳನ್ನೂ ಮಾಡಿದ. ತಾನೇ ಹುಟ್ಟಿಸಿದ ಖಳನಿಗೆ ಓದುಗರು ಮನಸೋತರಲ್ಲ ಅಂತ ಲೇಖಕನೇ ಗಾಬರಿಬಿದ್ದ.

ನನ್ನ ಕೇಳಿದರೆ ಇಬ್ಬರದೂ ಸರಿ. ಅಷ್ಟು ದೂರ ಹೋದವನ ಕೈಯಲ್ಲಿ ಕ್ಲಾರಿಸ್ಸಾಳ ಕೈ ಇಡುವುದು ಸಾಧ್ಯವಿಲ್ಲ ಅನ್ನುವುದರಲ್ಲಿ ರಿಚರ್ಡ್‌ಸನ್ ಸರಿ. ಆದರೆ ಆ ಹೆಂಗಸಿಗೆ ಆಸೆ ಹುಟ್ಟಿಸಿದವನೂ ಅವನೇ ತಾನೆ? ಲವ್‌ಲೇಸ್‌ನ ಪತ್ರಗಳನ್ನು ಅಷ್ಟು ಜೀವಂತವಾಗಿ ಬರೆದವನು ಅವನೇ. ಆ ಪತ್ರಗಳಲ್ಲಿ ನಗು ಇದೆ, ಜಂಬ ಇದೆ, ನಡುನಡುವೆ ಒಂದು ಕ್ಷಣದ ಅಳುಕೂ ಇದೆ. 'ಇಲ್ಲಿ ತಿರುಗಬಹುದಿತ್ತಲ್ಲ' ಅಂತ ಓದುವವರಿಗೆ ಮತ್ತೆ ಮತ್ತೆ ಅನ್ನಿಸುತ್ತದೆ. ನಮ್ಮನ್ನು ಹಿಡಿದು ಕೂರಿಸುವುದು ಆ 'ತಿರುಗಬಹುದಿತ್ತು'. ನಿನ್ನ ಡ್ಯೂಕ್‌ಗೆ ಅಂಥ ತಿರುವಿನ ಜಾಗವೇ ಇಲ್ಲ. ಮೊದಲಿನಿಂದಲೂ ಸರಿದಾರಿಯಲ್ಲೇ ಇದ್ದವನು ಎಲ್ಲಿಗೆ ತಿರುಗುತ್ತಾನೆ?

ಈ ಬಗೆಯ ಕಾದಂಬರಿಗಳ ಮಾತು ಬಂದರೆ ಸಾಕು, ಹೆಂಗಸರಿಗೆ ಕೆಟ್ಟ ಗಂಡಸನ್ನು ತಿದ್ದುವ ಚಪಲ ಅಂತ ಹೇಳಿ ಕೈತೊಳೆದುಕೊಳ್ಳುವವರು ಜಾಸ್ತಿ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಓದುವವಳು ನಾಯಕಿಯ ಜಾಗದಲ್ಲಿ ಮಾತ್ರ ಕೂತಿರುವುದಿಲ್ಲ. ನಾಯಕನ ಜಾಗದಲ್ಲೂ ಅವಳೇ ಇರುತ್ತಾಳೆ. ಬೇಕಂತಲೇ ಆಡಿದ ಒಂದು ಚುಚ್ಚುಮಾತು, ಯಾರಿಗೂ ಹೇಳದ ಒಂದು ಹೊಟ್ಟೆಕಿಚ್ಚು, ಕಷ್ಟದಲ್ಲಿ ಕೈಬಿಟ್ಟ ಒಬ್ಬ ಸ್ನೇಹಿತೆ, ಇಂಥದ್ದೊಂದು ಎಲ್ಲರ ಒಳಗೂ ಕೂತಿರುತ್ತದೆ. ಇದು ಗೊತ್ತಾದರೆ ನನ್ನನ್ನು ಯಾರು ಹತ್ತಿರ ಸೇರಿಸಿಕೊಳ್ಳುತ್ತಾರೆ ಅನ್ನುವ ಭಯವೂ ಅದರ ಜೊತೆಗೇ ಇರುತ್ತದೆ. ಡ್ಯೂಕ್‌ನ ಕಥೆಯಲ್ಲಿ ಅದೇ ಭಯ ಹತ್ತು ಪಟ್ಟು ದೊಡ್ಡದಾಗಿ ಎದುರು ನಿಲ್ಲುತ್ತದೆ. ಅವನು ಮಾಡಿದ್ದೆಲ್ಲ ತಿಳಿದ ಒಬ್ಬಳು ಬರುತ್ತಾಳೆ. ಕಣ್ಣು ಮುಚ್ಚಿಕೊಳ್ಳುವುದಿಲ್ಲ. 'ನೀನು ಮಾಡಿದ್ದು ತಪ್ಪು' ಅಂತ ಮುಖಕ್ಕೇ ಹೇಳುತ್ತಾಳೆ. ಆಮೇಲೂ ಅವನ ಪಕ್ಕ ಬಂದು ಕೂರುತ್ತಾಳೆ. ಆಗ ಓದುವವಳ ಗಂಟಲು ಕಟ್ಟುವುದು ಯಾರಿಗೋಸ್ಕರ ಅಂದುಕೊಂಡೆ?

ಕೊನೆಯಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಅವಳಿಗೆ ಮೊದಲೇ ಗೊತ್ತು. ರೊಮಾನ್ಸ್ ಕಾದಂಬರಿ ಕೊಡುವ ಮಾತೇ ಅದು. ಆ ಧೈರ್ಯ ಇರುವುದರಿಂದಲೇ ಎಷ್ಟು ಕತ್ತಲಿದ್ದರೂ ಒಳಗೆ ಕಾಲಿಡುತ್ತಾಳೆ. ನೀನು ಹೆದರಿಕೊಂಡು ಕತ್ತಲನ್ನು ತೆಳುಮಾಡಿದರೆ ಅವಳಿಗೆ ಮೋಸವಾಗುತ್ತದೆ.

ಇನ್ನು ನಿನ್ನ 1816ಕ್ಕೆ ಬರುತ್ತೇನೆ. ವರ್ಷವನ್ನೇನೋ ಚೆನ್ನಾಗಿ ಆರಿಸಿದ್ದೀಯ. ಆದರೆ ಗೌನು, ಕುದುರೆಗಾಡಿ, ಮೇಣದಬತ್ತಿ ತೆಗೆದುಬಿಟ್ಟರೆ ಆ ಕಾಲ ನಿನ್ನ ಕಥೆಯಲ್ಲಿ ಎಲ್ಲೂ ಸಿಗುವುದಿಲ್ಲ. ಇದೇ ಜಗಳ, ಇದೇ ರಾಜಿಯನ್ನು ಇವತ್ತಿನ ಯಾವುದೋ ಆಫೀಸಿನಲ್ಲಿ ಇಟ್ಟರೂ ನಡೆಯುತ್ತದೆ. ಐತಿಹಾಸಿಕ ರೊಮಾನ್ಸಿನಲ್ಲಿ ಕೆಟ್ಟ ನಾಯಕನಿಗೆ ಅಷ್ಟು ಕಾವು ಬರುವುದು ಆ ಕಾಲದ ಕಾನೂನಿನಿಂದ. ಇಂಗ್ಲೆಂಡಿನಲ್ಲಿ ಆಗ ಮದುವೆಯಾದ ಹೆಣ್ಣು ಕಾನೂನಿನ ಕಣ್ಣಿಗೆ ಬೇರೆ ವ್ಯಕ್ತಿಯೇ ಅಲ್ಲ. ಅವಳ ಕೈಯಲ್ಲಿರುವ ಹಣ ಗಂಡನದು. ದುಡಿದರೆ ಕೂಲಿಯೂ ಗಂಡನದು. ಅವಳ ಹೆಸರಿನ ಜಮೀನಿನ ವರಮಾನ ಅವನ ಕೈಗೆ. ಅವನ ಒಪ್ಪಿಗೆ ಇಲ್ಲದೆ ಉಯಿಲು ಬರೆಯುವ ಹಾಗಿಲ್ಲ. ಮಕ್ಕಳು ಅಪ್ಪನ ಸೊತ್ತು. ಏಳು ವರ್ಷದ ಒಳಗಿನ ಮಕ್ಕಳನ್ನು ನನ್ನ ಹತ್ತಿರ ಬಿಡಿ ಅಂತ ತಾಯಿ ಕೋರ್ಟಿನಲ್ಲಿ ಕೇಳಲು ದಾರಿಯಾದದ್ದೇ 1839ರಲ್ಲಿ. ಆಸ್ತಿಯ ವಿಚಾರದಲ್ಲಿ 1870 ಮತ್ತು 1882ರ ಕಾಯ್ದೆಗಳು ಬರುವ ತನಕ ಕಾಯಬೇಕಾಯಿತು. 1857ಕ್ಕೆ ಮೊದಲು ಪೂರ್ತಿ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲಿ ಅದಕ್ಕೇ ಅಂತ ಒಂದು ಕಾಯ್ದೆ ಪಾಸಾಗಬೇಕಿತ್ತು. ಹಾಗೆ ಪಡೆದ ಹೆಂಗಸರು ಒಟ್ಟು ನಾಲ್ಕೇ ಮಂದಿ.

ಈಗ ಯೋಚಿಸು. ಇಂಥ ಕಾಲದಲ್ಲಿ ಒಬ್ಬಳು 'ಹೂಂ' ಅನ್ನುವುದೆಂದರೆ ಏನು? ಬದುಕಿನ ಅಷ್ಟೂ ಗಂಟನ್ನು ಒಬ್ಬನ ಕೈಗೆ ಕೊಟ್ಟು, ಅವನು ಒಳ್ಳೆಯವನಾಗಿರಲಿ ದೇವರೇ ಅಂತ ಕಾಯುವುದು. ಅವನು ಕೆಟ್ಟವನೆಂದು ಹೆಸರಾದವನಾದರಂತೂ ಎದೆ ಹೊಡೆದುಕೊಳ್ಳದೆ ಇರುತ್ತದಾ? ನಿನ್ನ ನಾಯಕಿಗೆ ಆ ಭಯ ಒಂದು ಸಲವೂ ಬರುವುದಿಲ್ಲ. ಡ್ಯೂಕ್‌ನ ಭುಜ ಎಷ್ಟು ಅಗಲ ಅಂತ ಮಾತ್ರ ನೋಡುತ್ತಾಳೆ.

ಅವಳ ಕಣ್ಣೆದುರೇ ಉದಾಹರಣೆ ಇತ್ತು, ಅದನ್ನೂ ನೀನು ಬಿಟ್ಟಿದ್ದೀಯ. ಕತ್ತಲ ನಾಯಕನ ಅಚ್ಚು ಹಾಕಿಕೊಟ್ಟವನು ಕವಿ ಲಾರ್ಡ್ ಬೈರನ್. 1814ರಲ್ಲಿ ಅವನ 'ದಿ ಕೊರ್ಸೇರ್' ಎಂಬ ಕಡಲ್ಗಳ್ಳನ ಕಾವ್ಯ ಬಿಡುಗಡೆಯಾದ ದಿನವೇ ಹತ್ತು ಸಾವಿರ ಪ್ರತಿ ಖರ್ಚಾಯಿತು. ಆ ಕಡಲ್ಗಳ್ಳನ ಲೆಕ್ಕದಲ್ಲಿ ಸಾವಿರ ಪಾಪ, ಒಂದೇ ಒಂದು ಒಳ್ಳೆಯ ಗುಣ. ಜನರಿಗೆ ಆ ಒಂದು ಗುಣ ಸಾಕಾಯಿತು. ಆದರೆ ಬರೆದವನ ಮನೆಯಲ್ಲಿ ಏನಾಯಿತು? 1815ರ ಜನವರಿಯಲ್ಲಿ ಬೈರನ್ ಅನಾಬೆಲ್ಲಾ ಮಿಲ್‌ಬ್ಯಾಂಕ್‌ಳನ್ನು ಮದುವೆಯಾದ. ಅವಳು ಗಣಿತ ಓದಿದವಳು, ದೈವಭಕ್ತೆ, ಇವನನ್ನು ಸರಿದಾರಿಗೆ ತರಬಹುದು ಅಂತ ನಂಬಿದ್ದವಳು. ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. 1816ರ ಜನವರಿಯಲ್ಲಿ ಆ ಹಸುಗೂಸನ್ನು ಎತ್ತಿಕೊಂಡು ತವರಿಗೆ ಹೋದವಳು ಮತ್ತೆ ತಿರುಗಿ ಬರಲಿಲ್ಲ. ಏಪ್ರಿಲ್‌ನಲ್ಲಿ ಬೈರನ್ ಇಂಗ್ಲೆಂಡ್ ಬಿಟ್ಟ, ಆಮೇಲೆ ಬದುಕಿರುವ ತನಕ ಕಾಲಿಡಲಿಲ್ಲ. ನಿನ್ನ ಕಥೆ ಶುರುವಾಗುವುದು ಅದೇ ಮೇ ತಿಂಗಳಲ್ಲಿ! ಲಂಡನ್ನಿನ ದಿವಾನಖಾನೆಗಳಲ್ಲಿ ಬೇರೆ ಮಾತೇ ಇದ್ದಿರಲಾರದು. ನಿನ್ನ ನಾಯಕಿ ಕಿವಿ ಮುಚ್ಚಿಕೊಂಡಿದ್ದಳಾ? ಅವಳು ಆ ಕಾವ್ಯವನ್ನು ದಿಂಬಿನ ಕೆಳಗೆ ಇಟ್ಟುಕೊಂಡವಳಾಗಿರಲಿ. ಲೇಡಿ ಬೈರನ್ ಸುದ್ದಿಯೂ ಅವಳ ಕಿವಿಗೆ ಬಿದ್ದಿರಲಿ. ಎರಡನ್ನೂ ತಲೆಯಲ್ಲಿಟ್ಟುಕೊಂಡೇ ಅವಳು ನಿನ್ನ ಡ್ಯೂಕ್‌ನ ಮುಖ ನೋಡಲಿ.

ಅಷ್ಟು ಅಧಿಕಾರ ಇರುವವನು ಬದಲಾಗಿದ್ದಾನೆ ಅಂತ ಓದುವವರಿಗೆ ಗೊತ್ತಾಗುವುದು ಹೇಗೆ? ಕಣ್ಣೀರು ಹಾಕಿದರೆ ಗೊತ್ತಾಗುವುದಿಲ್ಲ. ಮಂಡಿಯೂರಿದರೂ ಅಷ್ಟಕ್ಕಷ್ಟೇ. ಅವನ ಕೈಯಲ್ಲಿರುವ ಅಧಿಕಾರವನ್ನು ಅವನಾಗಿಯೇ ಕೆಳಗಿಡಬೇಕು, ಇಟ್ಟರೆ ಅವನಿಗೆ ನಷ್ಟ ಆಗಬೇಕು. ನಾನು ನಿನಗೆ ಹೇಳಬೇಕಾದ್ದು ಮುಖ್ಯವಾಗಿ ಇದೊಂದೇ.

ನಿನ್ನ ಕಥೆಯಲ್ಲೇ ಅದಕ್ಕೆ ಜಾಗ ಇದೆ. ಡ್ಯೂಕ್ ಮೊದಲು ಬಂದಿದ್ದು ಅವಳ ಮೂವತ್ತು ಸಾವಿರ ಪೌಂಡ್ ವರದಕ್ಷಿಣೆಗೆ, ಬಂಗಲೆಯ ಛಾವಣಿ ಸೋರುತ್ತಿದೆ ಅಂತ. ಆ ಕಾಲದ ಸಿರಿವಂತರ ಮದುವೆಗೆ ಮುಂಚೆ ಸೆಟಲ್‌ಮೆಂಟ್ ಪತ್ರ ಬರೆಯುತ್ತಿದ್ದರು. ಹೆಂಡತಿಗೆ ವರ್ಷಕ್ಕೆ ಕೈಖರ್ಚು ಎಷ್ಟು, ವಿಧವೆಯಾದರೆ ಏನು, ಮಕ್ಕಳಿಗೆ ಏನು ಅಂತ ಎರಡೂ ಕಡೆಯ ವಕೀಲರು ಎಳೆದಾಡುತ್ತಿದ್ದರು. ಹಣವನ್ನು ಟ್ರಸ್ಟಿಗಳ ಕೈಯಲ್ಲಿಟ್ಟು, ಹೆಂಡತಿಯ ಸ್ವಂತ ಉಪಯೋಗಕ್ಕೆ ಮಾತ್ರ ಅಂತ ಬರೆಸಿದರೆ ಗಂಡ ಮುಟ್ಟುವ ಹಾಗಿರಲಿಲ್ಲ. ಆ ದೃಶ್ಯ ಬರಿ. ವಕೀಲನ ಕೋಣೆ. ಡ್ಯೂಕ್ ಕರಡು ಓದಿ, ತನಗೆ ಹಣ ಬರುವ ಸಾಲಿನ ಮೇಲೆ ಗೆರೆ ಎಳೆಯುತ್ತಾನೆ. ವಕೀಲ ಕನ್ನಡಕದ ಮೇಲಿಂದ ನೋಡುತ್ತಾನೆ.

"ಹೀಗೆ ಬರೆದರೆ ನಾಳೆ ನಿಮಗೆ ಒಂದು ಕಾಸೂ ಹುಟ್ಟುವುದಿಲ್ಲ, ಯುವರ್ ಗ್ರೇಸ್."

"ಗೊತ್ತು. ಟ್ರಸ್ಟಿಗಳನ್ನೂ ಅವಳೇ ಆರಿಸಲಿ. ನನ್ನ ಕಡೆಯವರು ಒಬ್ಬರೂ ಬೇಡ."

"ಛಾವಣಿ?"

"ಸೋರಲಿ."

ಇಷ್ಟೇ ಸಾಕು. ನಾಯಕಿ ಆ ಕೋಣೆಯಲ್ಲಿ ಇರಬಾರದು. ಅವಳಿಗೆ ಹೇಳಬೇಡಿ ಅಂತಲೂ ಅವನು ಹೇಳುವುದು ಬೇಡ, ಅದು ನಾಟಕ ಆಗುತ್ತದೆ. ಹೇಗೂ ಸಹಿ ಹಾಕುವಾಗ ಅವಳು ಓದುತ್ತಾಳೆ. ನಿನ್ನ ಚಂದ್ರನ ಬೆಳಕಿನ ಮುತ್ತಿಗಿಂತ ಈ ವಕೀಲನ ಕೋಣೆ ಜಾಸ್ತಿ ಬಿಸಿಯಾಗಿರುತ್ತದೆ, ಬರೆದು ನೋಡು.

ನಾಯಕಿ ನೋಡದ ಹೊತ್ತಿನಲ್ಲಿ ನಾಯಕ ಏನು ಮಾಡುತ್ತಾನೆ ಅನ್ನುವುದು ಈ ಕಸುಬಿನ ಹಳೆಯ ಗುಟ್ಟು. 1847ರ 'ಜೇನ್ ಏರ್' ಮತ್ತೊಮ್ಮೆ ತೆಗೆದು ಓದು. ರಾಚೆಸ್ಟರ್ ಎಂಥವನು? ಮನೆಯ ಮೇಲಂತಸ್ತಿನಲ್ಲಿ ಹೆಂಡತಿಯನ್ನು ಕೂಡಿಹಾಕಿ, ಆ ವಿಷಯ ಮುಚ್ಚಿಟ್ಟು, ಜೇನ್‌ಳನ್ನು ಚರ್ಚಿನವರೆಗೂ ಕರೆದುಕೊಂಡು ಹೋದವನು. ಗುಟ್ಟು ಬಯಲಾದ ಮೇಲೆ, ಮದುವೆ ಇಲ್ಲದಿದ್ದರೇನು, ಫ್ರಾನ್ಸಿಗೆ ಹೋಗಿ ಇರೋಣ ಬಾ ಅಂದವನು. ಇದು ಗಾಳಿಸುದ್ದಿ ಅಲ್ಲ, ಅವನೇ ಮಾಡಿದ್ದು. ಜೇನ್ ಅವನನ್ನು ಪ್ರೀತಿಸುತ್ತಲೇ ಬಿಟ್ಟು ಹೋಗುತ್ತಾಳೆ. ಆಮೇಲೆ ಷಾರ್ಲೆಟ್ ಬ್ರಾಂಟೆ ಏನು ಮಾಡುತ್ತಾಳೆ ನೋಡು. ಮನೆಗೆ ಬೆಂಕಿ ಬೀಳುತ್ತದೆ. ರಾಚೆಸ್ಟರ್ ಮೇಲೆ ಹತ್ತಿ ಮಲಗಿದ್ದ ಆಳುಗಳನ್ನು ಎಬ್ಬಿಸಿ ಕೆಳಗಿಳಿಸುತ್ತಾನೆ. ಮತ್ತೆ ಹತ್ತುತ್ತಾನೆ, ಈ ಸಲ ಹೆಂಡತಿಗಾಗಿ. ಅವಳು ಸತ್ತರೆ ಅವನಿಗೆ ಬಿಡುಗಡೆ. ಜೇನ್ ಎಲ್ಲಿದ್ದಾಳೆ ಅಂತಲೂ ಗೊತ್ತಿಲ್ಲ, ಯಾರನ್ನೂ ಮೆಚ್ಚಿಸುವ ಕಾರಣವಿಲ್ಲ. ಆದರೂ ಉರಿಯುವ ಛಾವಣಿಗೆ ಹೋಗಿ ಬರ್ಥಾಳ ಹೆಸರು ಹಿಡಿದು ಕರೆಯುತ್ತಾನೆ. ಅವಳು ಹಾರಿಬಿಡುತ್ತಾಳೆ. ಇಳಿಯುವಾಗ ಮೆಟ್ಟಿಲು ಕುಸಿದು ಅವನ ಒಂದು ಕೈ ಹೋಗುತ್ತದೆ, ಕಣ್ಣಿನ ದೃಷ್ಟಿ ಹೋಗುತ್ತದೆ.

ಇದನ್ನು ಜೇನ್‌ಗೆ ಹೇಳುವವನು ರಾಚೆಸ್ಟರ್ ಅಲ್ಲ. ಹತ್ತಿರದ ಒಂದು ಛತ್ರದ ಯಜಮಾನ. ಎದುರಿಗೆ ಕೂತವಳು ಯಾರು ಅಂತ ಗೊತ್ತಿಲ್ಲದೆ, ಊರಿನ ಸುದ್ದಿ ಹೇಳುವ ಹಾಗೆ ಹೇಳುತ್ತಾ ಹೋಗುತ್ತಾನೆ. ನಡುವೆ ಆ ಪುಟ್ಟ ಗವರ್ನೆಸ್, ಅಂದರೆ ಮನೆಪಾಠ ಹೇಳುತ್ತಿದ್ದ ಜೇನ್‌ಳ ಮೇಲೆ ರಾಚೆಸ್ಟರ್‌ಗೆ ಇದ್ದ ಹುಚ್ಚಿನ ಮಾತೂ ಬರುತ್ತದೆ. ಅದು ತಾನೇ ಅಂತ ಹೇಳಿಕೊಳ್ಳದೆ ಜೇನ್ ಕೂತು ಕೇಳುತ್ತಾಳೆ. ನಾಯಕನೇ ಬಂದು 'ನಾನು ಹೀಗೆಲ್ಲ ಮಾಡಿದೆ' ಅಂದಿದ್ದರೆ ಆ ಪುಟ ಸತ್ತುಹೋಗುತ್ತಿತ್ತು. 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲೂ ಹಾಗೇ. ತಂಗಿಯನ್ನು ಓಡಿಸಿಕೊಂಡು ಹೋದ ವಿಕ್‌ಹ್ಯಾಮ್‌ನ ಸಾಲ ತೀರಿಸಿದವನು ನಾಯಕ ಡಾರ್ಸಿ ಅಂತ ನಾಯಕಿ ಎಲಿಜಬೆತ್‌ಗೆ ಸರಿಯಾಗಿ ತಿಳಿಯುವುದು ಸೋದರಮಾವನ ಹೆಂಡತಿಯ ಕಾಗದದಿಂದ.

ಇನ್ನೊಂದನ್ನು ಗಮನಿಸು. ಜೇನ್ ವಾಪಸ್ ಬರುವಾಗ ಅವಳ ಹತ್ತಿರ ಹಣ ಇದೆ. ಚಿಕ್ಕಪ್ಪನಿಂದ ಬಂದ ಇಪ್ಪತ್ತು ಸಾವಿರ ಪೌಂಡ್‌ನಲ್ಲಿ ಸೋದರ ಸಂಬಂಧಿಗಳಿಗೆ ಪಾಲು ಕೊಟ್ಟು ಐದು ಸಾವಿರ ಉಳಿಸಿಕೊಂಡಿದ್ದಾಳೆ. ಬರದೆ ಇದ್ದರೂ ಅವಳ ಬದುಕು ನಡೆಯುತ್ತಿತ್ತು. ನಿನ್ನ ನಾಯಕಿಗೂ ಬಾಗಿಲು ತೆರೆದಿರಬೇಕು. ಹೋಗಲು ಬೇರೆ ಜಾಗ ಇಲ್ಲದವಳು ಉಳಿದುಕೊಂಡರೆ ಅದನ್ನು ಪ್ರೀತಿ ಅಂತ ಯಾರು ನಂಬುತ್ತಾರೆ?

ಅದೇ ಮನೆಯಲ್ಲಿ ಕೂತು ಷಾರ್ಲೆಟ್‌ಳ ತಂಗಿ ಎಮಿಲಿ ಬರೆದ 'ವುದರಿಂಗ್ ಹೈಟ್ಸ್' ಕೂಡ 1847ರಲ್ಲೇ ಹೊರಬಂತು. ಅಲ್ಲಿ ಇಸಬೆಲ್ಲಾ ಹೀತ್‌ಕ್ಲಿಫ್‌ನನ್ನು ಕಥೆಯ ನಾಯಕ ಅಂದುಕೊಂಡು ಓಡಿಹೋಗುತ್ತಾಳೆ. ಮನೆ ಬಿಡುವ ಹೊತ್ತಿಗೇ ಅವನು ಅವಳ ನಾಯಿಮರಿಗೆ ನೇಣು ಹಾಕಿರುತ್ತಾನೆ. ಅದನ್ನು ನೋಡಿಯೂ ಬಂದಳಲ್ಲ ಅಂತ ಆಮೇಲೆ ಅವನೇ ಹಂಗಿಸುತ್ತಾನೆ. ಎಮಿಲಿ ಅವನನ್ನು ತಿದ್ದಲು ಹೋಗುವುದೇ ಇಲ್ಲ. ಅವನು ದೊಡ್ಡ ಪಾತ್ರ, ಆದರೆ ರೊಮಾನ್ಸಿನ ನಾಯಕ ಅಲ್ಲ. ನಿನ್ನಂಥವರು ಬಹಳ ಮಂದಿ ಎರಡನ್ನೂ ಕಲಸಿಬಿಡುತ್ತೀರಿ.

ಹಾಗಾದರೆ ಯಾವ ಗೆರೆ ದಾಟಬಾರದು ಅಂತ ಕೇಳುತ್ತೀಯ. ಆ ಗೆರೆ ಕಾಲ ಕಾಲಕ್ಕೆ ಸರಿದಿದೆ. 1932ರಲ್ಲಿ ಜಾರ್ಜೆಟ್ ಹೇಯರ್ ಬರೆದ 'ಡೆವಿಲ್ಸ್ ಕಬ್'ನಲ್ಲಿ ನಾಯಕ ಹುಡುಗಿಯನ್ನು ಹೊತ್ತುಕೊಂಡು ಫ್ರಾನ್ಸಿಗೆ ಹೋಗುತ್ತಾನೆ. ಅವನು ಮೈಮೇಲೆ ಏರಿಬಂದಾಗ ಅವಳು ಪಿಸ್ತೂಲು ಎತ್ತಿ ಅವನ ತೋಳಿಗೇ ಗುಂಡು ಹಾರಿಸುತ್ತಾಳೆ. (ಆ ಪುಟ ಬಂದಾಗಲೆಲ್ಲ ನನಗೆ ಶಿಳ್ಳೆ ಹೊಡೆಯಬೇಕು ಅನ್ನಿಸುತ್ತದೆ.) 1972ರಲ್ಲಿ ಕ್ಯಾಥ್ಲೀನ್ ವುಡಿವಿಸ್‌ಳ 'ದಿ ಫ್ಲೇಮ್ ಅಂಡ್ ದಿ ಫ್ಲವರ್' ಬಂತು. ಅದರಲ್ಲಿ ನಾಯಕ ಶುರುವಿನಲ್ಲೇ ನಾಯಕಿಯ ಮೇಲೆ ಅತ್ಯಾಚಾರ ಮಾಡುತ್ತಾನೆ, ಕೊನೆಗೆ ಅವಳ ಪ್ರೀತಿಯನ್ನೂ ಪಡೆಯುತ್ತಾನೆ. ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು, ಅದೇ ದಾರಿ ಹಿಡಿದವರೂ ಬಹಳ. ಇವತ್ತು ಅದನ್ನು ನಾಯಕನ ಲೆಕ್ಕದಲ್ಲಿ ಇಡಲು ಹೆಚ್ಚಿನ ಓದುಗರು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಆ ವಿಚಾರದಲ್ಲಿ ರಿಚರ್ಡ್‌ಸನ್ ಹೇಳಿದ್ದೇ ಕೊನೆ.

ಗುಲಾಮರ ವಿಚಾರದಲ್ಲೂ ಅಷ್ಟೇ. ನಾಲ್ಕನೇ ಅಧ್ಯಾಯದಲ್ಲಿ ಡ್ಯೂಕ್‌ಗೆ ಜಮೈಕಾದಲ್ಲಿ ಸಕ್ಕರೆ ತೋಟ ಇದೆ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ಗುಲಾಮರ ವ್ಯಾಪಾರ 1807ರಲ್ಲಿ ನಿಂತಿತು, ನಿಜ. ಆದರೆ ತೋಟದಲ್ಲಿದ್ದವರು ಗುಲಾಮರಾಗಿಯೇ ಇದ್ದರು. ಬಿಡುಗಡೆಯ ಕಾಯ್ದೆ ಬಂದಿದ್ದು 1833ರಲ್ಲಿ, ಆಗಲೂ ಎರಡು ಕೋಟಿ ಪೌಂಡ್ ಪರಿಹಾರ ಸಿಕ್ಕಿದ್ದು ಒಡೆಯರಿಗೆ. ನಿನ್ನ 1816ರ ಏಪ್ರಿಲ್‌ನಲ್ಲೇ ಬಾರ್ಬಡೋಸ್‌ನಲ್ಲಿ ಗುಲಾಮರು ದಂಗೆ ಎದ್ದಿದ್ದರು. ಆ ಸಾಲನ್ನು ಒಂದೋ ಕಿತ್ತುಹಾಕು, ಇಲ್ಲವೇ ಅದೇ ಕಥೆ ಬರಿ. ನಡುವೆ ಬಿಟ್ಟರೆ ಓದುವವಳು ಮತ್ತೆ ನಿನ್ನ ಡ್ಯೂಕ್‌ನ ಮುಖ ನೋಡಲಾರಳು.

ಅವನಿಗೆ ಯಾವ ಪಾಪ ಕೊಡಬೇಕು ಅಂತ ಯೋಚಿಸುತ್ತಿದ್ದರೆ ನನ್ನ ಹತ್ತಿರ ಒಂದಿದೆ. ಆ ಕಾಲದ ದೊಡ್ಡವರು ಜೂಜಿನಲ್ಲಿ ಸೋತ ಹಣವನ್ನು ತಕ್ಷಣ ಕೊಟ್ಟುಬಿಡುತ್ತಿದ್ದರು. ಅದು ಮಾನದ ಸಾಲ. ಕಾನೂನಿನಲ್ಲಿ ವಸೂಲಿಯಾಗದ ಸಾಲ ಅದು, ಆದರೂ ಅದಕ್ಕೇ ಮೊದಲ ಮರ್ಯಾದೆ. ಬಟ್ಟೆ ಹೊಲಿದ ದರ್ಜಿ ಮಾತ್ರ ವರ್ಷಗಟ್ಟಲೆ ಬಾಗಿಲು ಕಾಯಬೇಕು. ಇನ್ನೂ ವಿಚಿತ್ರ ಅಂದರೆ, ಸಾಲಕ್ಕಾಗಿ ಡ್ಯೂಕ್‌ನನ್ನು ಬಂಧಿಸುವ ಹಾಗಿಲ್ಲ, ಲಾರ್ಡುಗಳಿಗೆ ಆ ರಿಯಾಯಿತಿ ಇತ್ತು. ದರ್ಜಿಗೆ ಇಲ್ಲ. ಡ್ಯೂಕ್ ಹಣ ಕೊಡಲಿಲ್ಲ ಅಂತ ದರ್ಜಿ ಬಟ್ಟೆ ವ್ಯಾಪಾರಿಗೆ ಬಾಕಿ ಉಳಿಸಿಕೊಂಡರೆ, ಫ್ಲೀಟ್ ಅಥವಾ ಮಾರ್ಷಲ್‌ಸೀ ಸೆರೆಮನೆ ಸೇರುವವನು ದರ್ಜಿಯೇ. ಹೆಂಡತಿ ಮಕ್ಕಳೂ ಅಲ್ಲೇ ಜೊತೆಗೆ ಬಂದು ಇರುತ್ತಿದ್ದುದುಂಟು.

ಹೀಗೆ ಬರಿ. ನಾಯಕಿ ಮೊದಲ ಸಲ ಡ್ಯೂಕ್‌ನನ್ನು ನೋಡಿದಾಗ ಅವನು ಹಾಕಿಕೊಂಡ ಕಪ್ಪು ಕೋಟು ಕಣ್ಣು ಕುಕ್ಕುತ್ತದಲ್ಲ, ಅದನ್ನು ಹೊಲಿದವನು ಜೈಲಿನಲ್ಲಿದ್ದಾನೆ. ಡ್ಯೂಕ್‌ಗೆ ಗೊತ್ತೇ ಇಲ್ಲ. ಬೇಕಂತ ಮಾಡಿದ್ದಲ್ಲ, ಆ ಮನುಷ್ಯ ಇದ್ದಾನೆ ಅನ್ನುವುದೇ ಅವನ ತಲೆಗೆ ಬಂದಿಲ್ಲ. ಗೊತ್ತಾದ ದಿನ ಹಣ ಕಟ್ಟಿ ಬಿಡಿಸುತ್ತಾನೆ. ಅದು ಸುಲಭ. ಆದರೆ ಅಂಗಡಿ ಹೋಗಿದೆ, ಜೈಲಿನಲ್ಲಿ ಒಂದು ಮಗು ತೀರಿಕೊಂಡಿದೆ. ದರ್ಜಿ ಹಣ ತೆಗೆದು ಎಣಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ, ಕ್ಷಮಿಸುವುದಿಲ್ಲ. ಕಾದಂಬರಿ ಮುಗಿದರೂ ಕ್ಷಮಿಸುವುದಿಲ್ಲ. ಹಾಗೆ ಕ್ಷಮಿಸದ ಒಬ್ಬರು ಕಥೆಯಲ್ಲಿ ಇರಲೇಬೇಕು. ನಾಯಕಿ ಕ್ಷಮಿಸಿದ್ದಕ್ಕೆ ಆಗ ತೂಕ ಬರುತ್ತದೆ.

ಡ್ಯೂಕ್‌ಗೆ ಕಷ್ಟದ ಬಾಲ್ಯ ಕೊಟ್ಟಿದ್ದೀಯ. ಇರಲಿ. ಅಪ್ಪ ಹೊಡೆದ, ಅಮ್ಮ ಬಿಟ್ಟುಹೋದಳು, ಬೋರ್ಡಿಂಗ್ ಶಾಲೆಯಲ್ಲಿ ಚಳಿ. ಆದರೆ ಅವನು ತಪ್ಪು ಮಾಡಿದಾಗಲೆಲ್ಲ ಒಂದು ಬಾಲ್ಯದ ನೆನಪು ತಂದು ಮುಂದೆ ನಿಲ್ಲಿಸುತ್ತೀಯ, ವಕೀಲ ಸಾಕ್ಷಿ ಕರೆದ ಹಾಗೆ. ಒಂದೇ ಸಲ ಸಾಕು. ಅದೂ ಅವನು ಹೇಳಬಾರದು.

ಒಳಗೆ ಮನುಷ್ಯ ಇದ್ದಾನೆ ಅಂತ ತೋರಿಸಲು ಮೂರನೇ ಅಧ್ಯಾಯದಲ್ಲಿ ಹೊಳೆಗೆ ಬಿದ್ದ ನಾಯಿಮರಿಯನ್ನು ಎತ್ತಿಸಿದ್ದೀಯ. ದಯವಿಟ್ಟು ತೆಗೆ, ನಾಯಿಮರಿಗಳು ಈ ಕಾದಂಬರಿಗಳಲ್ಲಿ ಸಾಕಷ್ಟು ದುಡಿದಿವೆ. ಸಣ್ಣದೇನಾದರೂ ಹುಡುಕು. ಅವನ ಮನೆಯ ಮುದಿ ಬಟ್ಲರ್‌ಗೆ ಎಡಗಿವಿ ಕೇಳುವುದಿಲ್ಲ ಅನ್ನು. ಎಲ್ಲರ ಮೇಲೂ ಹರಿಹಾಯುವ ಡ್ಯೂಕ್ ಅವನ ಹತ್ತಿರ ಮಾತಾಡುವಾಗ ಮಾತ್ರ ಸುತ್ತಿಕೊಂಡು ಬಂದು ಬಲಗಡೆ ನಿಲ್ಲುತ್ತಾನೆ. ದನಿ ಏರಿಸುವುದಿಲ್ಲ. ಮೊದಲ ಸಲ ಅದನ್ನು ವಿವರಿಸಬೇಡ, ಅವನು ಬಲಗಡೆಗೆ ಹೋಗಿ ನಿಂತ ಅಂತ ಮಾತ್ರ ಬರಿ. ಎರಡನೇ ಸಲವೂ ಅಷ್ಟೇ. ಎಷ್ಟೋ ಪುಟಗಳಾದ ಮೇಲೆ, ಅವನ ಮೇಲೆ ಕೆಂಡದಂಥ ಕೋಪ ಇರುವಾಗ, ನಾಯಕಿ ಬಟ್ಲರ್‌ನ ಎಡಗಡೆ ನಿಂತು ಏನೋ ಕೇಳಲಿ. ಅವನಿಗೆ ಕೇಳಿಸದೆ ಇರಲಿ. ಆಗ ಅವಳಿಗೆ ಎಲ್ಲ ಒಟ್ಟಿಗೆ ಹೊಳೆಯಲಿ, ಕೋಪ ಇನ್ನೂ ಜಾಸ್ತಿಯಾಗಲಿ. ಇಷ್ಟು ಗಮನಿಸಬಲ್ಲವನಿಗೆ ದರ್ಜಿ ಯಾಕೆ ಕಾಣಲಿಲ್ಲ?

ಕ್ಷಮೆ ಕೇಳುವ ದೃಶ್ಯ ಪೂರ್ತಿ ಬದಲಾಯಿಸು. 'ನೀನಿಲ್ಲದೆ ನಾನು ಬದುಕಲಾರೆ' ಅನ್ನುವುದು ಕ್ಷಮಾಪಣೆಯಲ್ಲ, ಬೇಡಿಕೆ. ತಾನು ಏನು ಮಾಡಿದೆ ಅಂತ ಅವನು ಹೆಸರು ಹಿಡಿದು ಹೇಳಲಿ. 'ಆದರೆ' ಅನ್ನದೆ ನಿಲ್ಲಿಸಲಿ. ಅವಳು ಆ ದಿನ ಉತ್ತರ ಕೊಡದೆ ಹೊರಟುಹೋಗಲಿ. ನೀನು ಒಂದೇ ಪುಟದಲ್ಲಿ ಅಪ್ಪಿಕೊಳ್ಳುವ ತನಕ ತಂದಿದ್ದೀಯ. ಓದುವವರನ್ನು ಕಾಯಿಸಲು ಹೆದರಬೇಡ, ಅವರು ಕಾಯುವುದಕ್ಕೇ ಬಂದಿದ್ದಾರೆ.

ಕೆಲವು ಚಿಲ್ಲರೆ ತಪ್ಪುಗಳಿವೆ. ಡ್ಯೂಕ್‌ನನ್ನು ಆಳುಗಳು 'ಮೈ ಲಾರ್ಡ್' ಅನ್ನುವುದಿಲ್ಲ, 'ಯುವರ್ ಗ್ರೇಸ್' ಅನ್ನಬೇಕು. ಲಂಡನ್ನಿನಲ್ಲಿ ಮೆಟ್ರೊಪಾಲಿಟನ್ ಪೊಲೀಸರು ಬಂದಿದ್ದು 1829ರಲ್ಲಿ, ಆದ್ದರಿಂದ ಕಳ್ಳನನ್ನು ಹಿಡಿಯಲು ಬೋ ಸ್ಟ್ರೀಟ್ ಕೋರ್ಟಿನ ಸಿಬ್ಬಂದಿಯನ್ನು ಕಳಿಸು. ನಾಯಕಿಗೆ ಹತ್ತೊಂಬತ್ತು ವರ್ಷ, ಪೋಷಕರು ಒಪ್ಪಿಲ್ಲ. 1753ರ ಮದುವೆ ಕಾಯ್ದೆ ಪ್ರಕಾರ ಇಪ್ಪತ್ತೊಂದರ ಒಳಗಿನವರಿಗೆ ಲೈಸೆನ್ಸ್ ಮದುವೆಗೆ, ಅಂದರೆ ಚರ್ಚಿನಲ್ಲಿ ಮೊದಲೇ ಸಾರದೆ ಅನುಮತಿ ಪತ್ರ ಪಡೆದು ಆಗುವ ಮದುವೆಗೆ, ಪೋಷಕರ ಒಪ್ಪಿಗೆ ಬೇಕೇ ಬೇಕು. ಓಡಿಹೋಗುವುದಾದರೆ ಆ ಕಾಯ್ದೆ ನಡೆಯದ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ತನಕ ಓಡಿಸು. ಆದರೆ ಓಡಿಹೋದರೆ ಸೆಟಲ್‌ಮೆಂಟ್ ಬರೆಯಲು ಹೊತ್ತು ಇರುವುದಿಲ್ಲ, ವಕೀಲನ ಕೋಣೆ ತಪ್ಪಿಹೋಗುತ್ತದೆ. ಪೋಷಕರನ್ನೇ ಒಪ್ಪಿಸುವುದು ಒಳ್ಳೆಯದು.

ಜುಲೈ ತಿಂಗಳ ಪಿಕ್‌ನಿಕ್ ಅಂತೂ ಆಗುವುದೇ ಇಲ್ಲ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರ ಪರಿಣಾಮವಾಗಿ 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ, ಬರೀ ಮಳೆ, ಚಳಿ. ನೀನು ಬಿಸಿಲು, ಚಿಟ್ಟೆ, ಹುಲ್ಲುಹಾಸು ಅಂತೆಲ್ಲ ಬರೆದಿದ್ದೀಯ. ಇಬ್ಬರನ್ನೂ ಆ ಬಂಗಲೆಯ ಒಳಗೇ ಕೂಡಿಹಾಕು. ಸೋರುವ ಕಡೆಯಲ್ಲೆಲ್ಲ ಪಾತ್ರೆ ಇಡುತ್ತಾ ಓಡಾಡಲಿ, ಜಗಳವನ್ನೂ ಅಲ್ಲೇ ಆಡಲಿ. ಬಟ್ಲರ್ ಒಬ್ಬನಿಂದ ಆಗುವ ಕೆಲಸ ಅಲ್ಲ ಅದು.

ತಿದ್ದಿದ್ದನ್ನು ಕಳಿಸು, ಅವಸರ ಇಲ್ಲ.

ಪ್ರೀತಿಯಿಂದ,
ನಿನ್ನ ಅಕ್ಕ